ಬಿಸಿಲೂರಿನ ಕೂಸಿಗೆ ಬಿಸಿಲು ಕಮ್ಮಿ

ಒಬ್ಬೊಬ್ಬರಿಗೆ ಒಂದೊಂದರ ಸೊಕ್ಕು ಇರುತ್ತದೆ. ಇಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ. ಇಂಡಿ ತಾಲ್ಲೂಕಿನ ನನ್ನ ಷಡ್ಡಕನಿಗೆ ತನ್ನ ನಿಂಬೆಗಿಡಗಳ ಸೊಕ್ಕು; ಮನೆಗೆ ಹೋದರೆ ಕುಡಿಯಲು ನೀರು ಕೊಡುವ ಮೊದಲೇ ನಿಂಬೆಹಣ್ಣು ತಂದು ಮೂಗಿಗೆ ಹಿಡಿಯುತ್ತಾನೆ. ಮುದ್ದೇಬಿಹಾಳದ ಬೀಗರಿಗೆ ಕಾಲುವೆ ನೀರಿನ ಸೊಕ್ಕು. ಬಸವಣ್ಣ ಹುಟ್ಟಿದ ಬಾಗೇವಾಡಿಯವರಿಗೆ ತಮ್ಮ ಊರಿನ ಹೆಸರೇ ಸಾಕು, ಬೇರೆ ಸೊಕ್ಕು ಬೇಕಾಗಿಲ್ಲ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಕುರಿ ಕಾಯುತ್ತಲೇ ಮುದುಕನಾದ ನನಗೆ ಎರಡು ಸೊಕ್ಕು. ಒಂದು ನಮ್ಮ ಬಿಸಿಲು, ಇನ್ನೊಂದು ನಮ್ಮ ಕುರಿ. ಕುರಿಯ ಮಾತು ಆಮೇಲೆ ಹೇಳುತ್ತೇನೆ, ಅದು ದೊಡ್ಡದಿದೆ. ಬಿಸಿಲಿನದು ಮೊದಲು ಕೇಳಿ. ನಮ್ಮ ಬಿಸಿಲೆಂದರೆ ಸಾಮಾನ್ಯದ್ದಲ್ಲ. ಬೇಸಿಗೆಯಲ್ಲಿ ಮುಂಜಾನೆ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ಸಂಜೆಗೆ ಮುಟ್ಟಿದರೆ ಕಟಕಟ ಅನ್ನುತ್ತದೆ. ಒಮ್ಮೆ ಬೇರೆ ಸೀಮೆಯಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರು ಬಸ್ಸಿನಿಂದ ಕೆಳಗೆ ಕಾಲಿಟ್ಟವರೇ ತಲೆಯ ಮೇಲೆ ಕೈಚೀಲ ಇಟ್ಟುಕೊಂಡು ಮತ್ತೆ ಅದೇ ಬಸ್ಸು ಹತ್ತಲು ನೋಡಿದರು. ನಾನೇ ಕೈ ಹಿಡಿದು ಇಳಿಸಿಕೊಂಡು, "ಹೆದರಬ್ಯಾಡ್ರಿ ಸರ್ರ, ಇದು ಇನ್ನಾ ಮುಂಜಾನಿ ಬಿಸಲು" ಎಂದೆ. ಸಮಾಧಾನ ಮಾಡಲು ಹೇಳಿದ ಮಾತು. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಇಂಥ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನನ್ನ ಮೊಮ್ಮಗಳ ರಕ್ತ ಪರೀಕ್ಷೆ ಮಾಡಿಸಿ, ಬಿಸಿಲಿನಿಂದ ಸಿಗಬೇಕಾದ ವಿಟಮಿನ್ ಡಿ ಈ ಕೂಸಿಗೆ ಕಮ್ಮಿ ಇದೆ ಎಂದು ಸಿಂದಗಿಯ ಡಾಕ್ಟರು ಹೇಳಿಬಿಟ್ಟರು! ಸಕ್ಕರೆ ಕಾರ್ಖಾನೆಯ ಕಾವಲುಗಾರನ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಇಲ್ಲ ಅಂದರೆ ಅವನಿಗೆ ಹೇಗಾಗಬೇಕು, ನನಗೆ ಹಾಗಾಯಿತು.

ಮೊದಲಿನಿಂದಲೇ ಹೇಳುತ್ತೇನೆ. ಸಂತೋಷ ಹೆಚ್ಚಾದಾಗ ನನ್ನ ಮಾತಿಗೆ ತಲೆ ಕಾಲು ಇರುವುದಿಲ್ಲ. ನಡುವಿನಿಂದ ಶುರು ಮಾಡಿ ಎರಡೂ ಕಡೆ ಓಡುತ್ತೇನೆ. ಸಾಲಿ ಕಲಿತದ್ದೂ ಅಷ್ಟಕ್ಕಷ್ಟೆ. ಒತ್ತಕ್ಷರಗಳನ್ನು ಸೊಸೆ ನೋಡಿ ತಿದ್ದುತ್ತಾಳೆ. ಅವಳ ಹೆಸರು ಸುಜಾತಾ, ಕಾಲೇಜು ಓದಿದವಳು. ನನ್ನ ಮಗ ಬಸ್ಸಿನ ಕಂಡಕ್ಟರು; ಅವನು ಮನೆಗೆ ಬರುವುದೂ ಬಸ್ಸಿನ ಹಾಗೆಯೇ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೊಮ್ಮಗಳ ಹೆಸರು ಮಾನ್ವಿತಾ. ಅದು ಕಾಗದದ ಮೇಲಿನ ಹೆಸರು, ಸುಜಾತಾ ಮೊಬೈಲಿನಲ್ಲಿ ಹುಡುಕಿ ಇಟ್ಟದ್ದು. ಮನೆದೇವರ ಹೆಸರು ಬಿಡಬಾರದೆಂದು ನಮ್ಮಾಕಿ, ಅಂದರೆ ನನ್ನ ಹೆಂಡತಿ, ಕೂಸಿನ ಕಿವಿಯಲ್ಲಿ ಮಾಳವ್ವ ಎಂದು ಕರೆದಳು. ಹುಡುಗಿ ಎರಡಕ್ಕೂ ಓಗೊಡುತ್ತಾಳೆ. ಕೈಯಲ್ಲಿ ಬೆಲ್ಲ ಇದ್ದರೆ ಹೆಸರೇ ಇಲ್ಲದೆ ಕರೆದರೂ ಬರುತ್ತಾಳೆ.

ನಾಲ್ಕು ವರ್ಷದ ಈ ಮಾಳವ್ವನಿಗೆ ಎಳೆಗೂಸಾಗಿದ್ದಾಗಿನಿಂದಲೂ ಇಸುಬು. ಮೊಣಕೈಯ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕುತ್ತಿಗೆಯ ಸುತ್ತ ಚರ್ಮ ಒಣಗಿ ಕೆಂಪಾಗುತ್ತಿತ್ತು. ಒಮ್ಮೆ ಕೆರೆದುಕೊಳ್ಳಲು ಶುರು ಮಾಡಿದಳೆಂದರೆ ರಕ್ತ ಕಾಣುವವರೆಗೆ ಬಿಡುತ್ತಿರಲಿಲ್ಲ. ಉಣ್ಣುವಾಗ ಒಂದು ಕೈ ತುತ್ತಿಗೆ, ಒಂದು ಕೈ ಕುತ್ತಿಗೆಗೆ. ಕಣ್ಣಿನಲ್ಲಿ ನಿದ್ದೆ ತುಂಬಿದ್ದರೂ ಉಗುರು ಮಾತ್ರ ಎಚ್ಚರ. ಊರಿನಲ್ಲಿ ಔಷಧ ಹೇಳದವರೇ ಇಲ್ಲ. ಬೇವು ಅಂದರು, ಅರಿಶಿನ ಅಂದರು, ಒಬ್ಬ ಪುಣ್ಯಾತ್ಮ ಟ್ರ್ಯಾಕ್ಟರಿನ ಗ್ರೀಸು ಅಂದ. ನಮ್ಮಾಕಿ ದಿನಾ ಹಂಡೆಯ ಸುಡುಸುಡು ನೀರಿನಲ್ಲಿ ಕಡಲೆಹಿಟ್ಟು ಹಚ್ಚಿ ಗಸಗಸ ತಿಕ್ಕುತ್ತಿದ್ದಳು. ಓಣಿಯ ಎಳೆಗೂಸುಗಳಿಗೆಲ್ಲ ನೀರು ಹಾಕಿದ ಕೈ ಅದು, ಅದನ್ನು ಪ್ರಶ್ನೆ ಮಾಡುವ ಧೈರ್ಯ ಯಾರಿಗಿದೆ? ನಾನೂ ನನಗೆ ತಿಳಿದದ್ದನ್ನು ಹೇಳಿದೆ. ಕುರಿಗೆ ಕಜ್ಜಿಯಾದರೆ ನಾವು ಔಷಧ ಕಲಸಿದ ನೀರಿನಲ್ಲಿ ಪೂರಾ ಮುಳುಗಿಸಿ ತೆಗೆಯುತ್ತೇವೆ. ಹಂಗೇ ಒಂದು ಸಲ ಮಾಡಿ ನೋಡೋಣವೇ ಎಂದೆ. ನಮ್ಮಾಕಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಕೂಸು ಐತ್ರಿ ಅದು, ಟಗರಲ್ಲ! ಮೊದಲ ನಿಮ್ಮನ್ನ ಮುಳಗಿಸಿ ತಗೀತೇನಿ, ಆಮ್ಯಾಲೆ ನೋಡೂಣು."

ನಾನು ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ನಡೆದೆ.

ಇಷ್ಟಿದ್ದರೂ ಹೇಗೋ ನಡೆಯುತ್ತಿತ್ತು. ಆದರೆ ಅಂಗನವಾಡಿಗೆ ಸೇರಿಸಿದ ಮೇಲೆ ಹೊಸ ಕಷ್ಟ ಬಂತು. ಅಲ್ಲಿ ದಿನಾ ಮುಂಜಾನೆ ಹುಡುಗರು ಕೈ ಕೈ ಹಿಡಿದು ದುಂಡಗೆ ನಿಂತು ಹಾಡು ಹೇಳುತ್ತ ಸುತ್ತುತ್ತಾರೆ. ಮಾಳವ್ವನ ಕೈ ಯಾರೂ ಹಿಡಿಯಲಿಲ್ಲ. 'ಆಕಿ ಮೈ ಮುಟ್ಟಬ್ಯಾಡ, ನಿನಗೂ ಹತ್ತತೈತಿ' ಎಂದು ತಾಯಂದಿರು ಮನೆಯಲ್ಲಿ ಹೇಳಿ ಕಳಿಸಿದ್ದರಂತೆ. ಅಂಗನವಾಡಿಯ ಅಕ್ಕೋರು ಒಳ್ಳೆಯವರು, ತಾವೇ ಬಂದು ಅವಳ ಒಂದು ಕೈ ಹಿಡಿದುಕೊಂಡರು. ಇನ್ನೊಂದು ಕೈ ಖಾಲಿ. ದುಂಡಗಿನ ಸಾಲಿನಲ್ಲಿ ಅವಳ ಪಕ್ಕ ಒಂದು ಹುಡುಗಿ ನಿಲ್ಲುವಷ್ಟು ಜಾಗ ಹಾಗೇ ಉಳಿಯುತ್ತಿತ್ತು. ಮನೆಗೆ ಬಂದು ಅಳಲಿಲ್ಲ ಅವಳು. "ಮುತ್ಯಾ, ನನ್ನ ಈ ಕೈ ಒಬ್ಬರೂ ಹಿಡ್ಯಂಗಿಲ್ಲ" ಎಂದು ಬಲಗೈ ಮುಂದೆ ಚಾಚಿ, ಮುರಿದ ಆಟದ ಸಾಮಾನು ತೋರಿಸಿದ ಹಾಗೆ ತೋರಿಸಿದಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಆ ಹೊತ್ತಿಗೆ ಅಷ್ಟು ದೊಡ್ಡ ಹೆಸರು ಹೊರುವ ಶಕ್ತಿ ನನಗಿರಲಿಲ್ಲ. ಅವತ್ತಿನಿಂದ ಸುಜಾತಾ ಮಗಳಿಗೆ ಮಣಿಕಟ್ಟಿನವರೆಗೂ ತೋಳಿರುವ ಅಂಗಿ, ಪಾದದವರೆಗೂ ಪೈಜಾಮ ಹಾಕಿ, ಅಂಗನವಾಡಿ ಬಿಡಿಸಿ, ಮನೆಯ ಒಳಗೇ ಇಟ್ಟುಕೊಂಡಳು. ಯಾರೂ ನೋಡಬಾರದು, ಯಾರೂ ಕೇಳಬಾರದು. ನಾನೂ ನಮ್ಮಾಕಿಯೂ ತಲೆಯಾಡಿಸಿದೆವು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಕೂಸು ಒಳಗೇ. ತುರಿಕೆ ಮಾತ್ರ ಅಂಗಿಯ ಒಳಗೆ ತನ್ನ ಪಾಡಿಗೆ ತಾನು ಬೆಳೆಯಿತು.

ಕೊನೆಗೆ ಸಿಂದಗಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವಯಸ್ಸಿನಲ್ಲಿ ಸಣ್ಣ ಹೆಣ್ಣುಮಗಳು, ಆದರೆ ನೋಡುವ ರೀತಿ ದೊಡ್ಡದು. ರಕ್ತ ಪರೀಕ್ಷೆಯ ಚೀಟಿ ಬಂದ ಮೇಲೆ ಆ ಕಮ್ಮಿಯ ಮಾತು ಹೇಳಿದರು. ನಾನು ಕುಳಿತಲ್ಲಿಂದ ಎದ್ದು ನಿಂತೆ.

"ಮೇಡಮ್ಮಾರ, ನೀವು ಯಾವ ಊರವ್ರು?"

"ತಾಳಿಕೋಟಿರಿ. ಯಾಕ ಅಜ್ಜಾರ?"

"ಹಂಗಂದ್ರ ನಿಮಗೂ ಗೊತ್ತೈತಿ. ನಮ್ಮ ಸೀಮ್ಯಾಗ ಬಿಸಲು ಕಮ್ಮಿ ಐತಿ ಅಂತ ಯಾವ ಮಷೀನ್ ಹೇಳ್ತು? ಆ ಮಷೀನ್ ಒಂದ್ಸಲ ಹೊರಗ ತಂದ ಇಡ್ರಿ."

ಸುಜಾತಾ ನನ್ನ ಅಂಗಿ ಹಿಡಿದು ಜಗ್ಗಿದಳು. ಡಾಕ್ಟರು ನಕ್ಕರು. "ಬಿಸಲು ಕಮ್ಮಿ ಇಲ್ರಿ ಅಜ್ಜಾರ, ಕೂಸಿಗೆ ತಾಗಿಲ್ಲ. ಡಬ್ಬಿ ತುಂಬ ಬೆಲ್ಲ ಇದ್ದು, ಮುಚ್ಚಳನ ತೆಗೀಲಿಲ್ಲಂದ್ರ ಬಾಯಿಗೆ ಹೆಂಗ ಬರ್ತೈತಿ? ಇಷ್ಟುದ್ದ ಅಂಗಿ ಹಾಕಿ ಮನ್ಯಾಗ ಇಟ್ಟೀರಿ. ಕಮ್ಮಿ ಐತಂತ ಹನಿ ಬರದ ಕೊಡತೇನಿ. ಆದ್ರ ಒಂದು ಮಾತು ಕಿವಿಗೊಟ್ಟು ಕೇಳ್ರಿ. ಈ ಡಿ ಹಾಕಿದ ಕೂಡ್ಲೆ ಇಸಬು ಹೋಗತೈತಿ ಅಂತ ತಿಳ್ಕೋಬ್ಯಾಡ್ರಿ. ಕೆಲವು ಹುಡುಗರಿಗೆ ಒಂಚೂರು ಅನುಕೂಲ ಆಗಬಹುದು, ಕೆಲವರಿಗೆ ಆಗೂದಿಲ್ಲ. ಚರ್ಮಕ್ಕ ಈ ಜಿಡ್ಡಿನ ಕ್ರೀಮೇ ಮುಖ್ಯ. ಉಗುರುಬೆಚ್ಚಗಿನ ನೀರಾಗ ಲಗೂನ ಜಳಕ ಮಾಡಸ್ರಿ, ಮೈ ಹಸಿ ಇದ್ದಾಗನ ಇದನ್ನ ಹಚ್ಚರಿ. ಕೆಂಪಾದಲ್ಲಿ ಅಷ್ಟ ಆ ಇನ್ನೊಂದು ಮುಲಾಮ. ತಿಕ್ಕೂದು, ಉಜ್ಜೂದು ಬಂದ್. ಮತ್ತ ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ಲ. ಅಂಗನವಾಡಿಗೆ ಧೈರ್ಯದಿಂದ ಕಳಸ್ರಿ."

ಇಷ್ಟನ್ನೂ ಹೇಳಿದರು. ಎಲ್ಲವನ್ನೂ ಸುಜಾತಾ ಕೇಳಿಸಿಕೊಂಡಳು. ನನ್ನ ಕಿವಿಗೆ ಬಿದ್ದದ್ದು ಒಂದೇ: ಬಿಸಿಲು ತಾಗಿಲ್ಲ.

ನೋಡಿ, ಮನುಷ್ಯನಿಗೆ ತನ್ನಲ್ಲಿ ರಾಶಿಗಟ್ಟಲೆ ಇರುವ ವಸ್ತುವೇ ಔಷಧ ಎಂದು ಗೊತ್ತಾದರೆ ಎಂಥ ಉತ್ಸಾಹ ಬರುತ್ತದೆ! ಮರುದಿನ ಸುಜಾತಾ ಗಿರಣಿಗೆ ಜೋಳ ಬೀಸಿಸಲು ಹೋದಳು. ನಮ್ಮಾಕಿ ಹಿತ್ತಲಿನಲ್ಲಿದ್ದಳು. ನಾನು ಮಾಳವ್ವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಕುರಿಗಳ ಹಿಂದೆ ಹೊಲದ ಕಡೆ ಹೊರಟೆ. ಬಗಲಿನಲ್ಲಿ ಅವಳದೇ ಕಂಬಳಿ. ಈ ಕಂಬಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ತೊಟ್ಟಿಲಿಗೆ ಹಾಕುವ ದಿನ ಹೊಸ ಕಂಬಳಿ ಹಾಸಿ, ಮೇಲೆ ಜೋಳ ಹರವಿ, ಕೂಸನ್ನು ಅದರ ಮೇಲೆ ಮಲಗಿಸುವುದು ನಮ್ಮ ಪದ್ಧತಿ. ಅವಳಿಗಾಗಿ ನಾನೇ ನಮ್ಮ ಮರಿಗಳ ಮೊದಲ ಉಣ್ಣೆ ಕತ್ತರಿಸಿದ್ದೆ, ನಮ್ಮಾಕಿ ನೂತಿದ್ದಳು, ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ್ದೆವು. ಒಳ್ಳೆಯ ಕಂಬಳಿ ಎಂದರೆ ನಿಲ್ಲಿಸಿದರೆ ಹೊಸ ಅಳಿಯನ ಹಾಗೆ ನೆಟ್ಟಗೆ ನಿಲ್ಲಬೇಕು. ಇದು ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ಅವಳು ಮಧ್ಯಾಹ್ನ ಮಲಗುವುದು ಅದರ ಮೇಲೆಯೇ.

ಬಾವಿಯ ಹತ್ತಿರ ಹಾಸುಬಂಡೆಯ ಮೇಲೆ ಕಂಬಳಿ ಹಾಸಿ, ಅಂಗಿ ಬಿಚ್ಚಿ, ಅವಳನ್ನು ಮಲಗಿಸಿದೆ. ಹೊತ್ತು ನೆತ್ತಿಯ ಮೇಲೆ. "ಮುತ್ಯಾ, ಸುಡ್ತೈತಿ" ಅಂದಳು. "ಸುಡ್ಲಿ ಬಿಡ, ಇದು ಔಷಧ" ಅಂದೆ. ಒಂದು ಮಗ್ಗುಲು ಆದ ಮೇಲೆ ರೊಟ್ಟಿ ಮಗುಚಿದ ಹಾಗೆ ಇನ್ನೊಂದು ಮಗ್ಗುಲಿಗೆ ಹೊರಳಿಸಿದೆ. ಅವಳ ಮೈಯೆಲ್ಲ ಬೆವರು. ಒಳಗಿನ ರೋಗ ಹೊರಗೆ ಹರಿಯುತ್ತಿದೆ ಎಂದುಕೊಂಡು ನಾನು ಕುಣಿಯುವುದೊಂದು ಬಾಕಿ. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕುಳಿತು ಕೆರೆದುಕೊಳ್ಳಲು ಶುರು ಮಾಡಿದಳು. ಕುತ್ತಿಗೆ, ಬೆನ್ನು, ತೊಡೆ, ಎಲ್ಲಿ ಕೈ ಹೋದರೆ ಅಲ್ಲಿ. ಎತ್ತಿಕೊಂಡು ಮನೆಗೆ ಓಡುವಷ್ಟರಲ್ಲಿ ಮೈಯೆಲ್ಲ ಕೆಂಪು ಬರೆ, ಮೊಣಕೈಯ ಮಡಿಕೆಯಲ್ಲಿ ರಕ್ತ.

ಸುಜಾತಾ ಬಾಗಿಲಲ್ಲೇ ಇದ್ದಳು. ಮದುವೆಯಾಗಿ ಬಂದಾಗಿನಿಂದ ನನ್ನ ಮುಂದೆ ದನಿ ಎತ್ತಿದವಳಲ್ಲ.

"ಮಾವಾರ, ಕೂಸಿನ್ನ ಏನ್ ಹಪ್ಪಳಾ ಅಂತ ಮಾಡೀರೇನ್ರಿ, ಒಣಗಿಸಿ ತರಾಕ?"

ನಮ್ಮಾಕಿ ಒಳಗಿನಿಂದಲೇ ಸೇರಿಸಿದಳು: "ಹಪ್ಪಳಾ ಒಣಗಿಸಿದ್ರರ ಮ್ಯಾಲೆ ಒಂದು ಅರಿವಿ ಮುಚ್ಚತಿದ್ರು!"

ಮತ್ತೆ ಸಿಂದಗಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾಳವ್ವ ತಾಯಿಯ ತೊಡೆಯ ಮೇಲೆ. ನನ್ನ ಕಡೆ ಬರಲಿಲ್ಲ.

ಡಾಕ್ಟರು ಮೈ ನೋಡಿದರು, ನನ್ನನ್ನೂ ನೋಡಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಬೇಯಿಸಿ ಅಂತ ಯಾರು ಹೇಳಿದರು, ಬೆವರು ಬಂದರೆ ತುರಿಕೆ ಹೆಚ್ಚುತ್ತದೆ, ಮುಂಜಾನೆ ಸಂಜೆ ಓಣಿಯಲ್ಲಿ ಆಡಿಕೊಂಡಿದ್ದರೆ ಸಾಕು ಎಂದರು. ಆಮೇಲೆ, "ಎದರ ಮ್ಯಾಲೆ ಮಲಗಿಸಿದ್ರಿ?" ಎಂದು ಕೇಳಿದರು. ಇಲ್ಲಾದರೂ ಒಂದು ಒಳ್ಳೆಯ ಮಾತು ಸಿಗಬಹುದೆಂದು ನಾನು ಎದೆ ಉಬ್ಬಿಸಿ, "ಕಂಬಳಿ ಮ್ಯಾಲ್ರಿ. ನಮ್ಮನೀದ. ಮರಿ ಉಣ್ಣೀದು" ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ದಿನಾ ಅದರ ಮ್ಯಾಲೆ ಮಲಗತಾಳೇನ್ರಿ? ಅಜ್ಜಾರ, ಇಂಥಾ ಚರ್ಮಕ್ಕ ಉಣ್ಣಿ ಚುಚ್ಚತೈತಿ. ಹತ್ತಿ ಅರಿವಿ ಹಾಸ್ರಿ. ಕಂಬಳಿ ಕೂಸಿನ ಹತ್ರ ಬರಬಾರದು."

ನನ್ನ ಎರಡು ಸೊಕ್ಕಿನಲ್ಲಿ ಒಂದು ಬಂಡೆಯ ಮೇಲೆ ಸತ್ತಿತ್ತು. ಎರಡನೆಯದು ಆ ಮೇಜಿನ ಮುಂದೆ ಸತ್ತಿತು. ಇಷ್ಟು ದಿನ ಕೂಸಿನ ಮೈ ಕೆರೆಸಿದ್ದರಲ್ಲಿ ನನ್ನ ಕುರಿಗಳ ಪಾಲೂ ಇತ್ತು ಅಂದರೆ, ನಾನು ಇನ್ನು ಯಾವ ಮುಖ ಹೊತ್ತು ಹಟ್ಟಿಗೆ ಹೋಗಲಿ? ಸುಮ್ಮನೆ ಕುಳಿತಿರಲು ಆಗಲಿಲ್ಲ. ಮುಖ ಗಂಟು ಹಾಕಿಕೊಂಡೇ ಕೇಳಿದೆ: "ಆತ್ರಿ, ನಮ್ಮ ಬಿಸಲು ಬ್ಯಾಡ, ನಮ್ಮ ಕಂಬಳಿ ಬ್ಯಾಡ. ಅಲ್ರಿ, ನೀವು ಕೊಟ್ಟ ಆ ಹನಿ ಯಾವ ಗಿಡದ್ದು? ಅದೇನ್ ವಿಲಾಯತಿ ಬೇರೇನು?"

ಡಾಕ್ಟರು ನನ್ನ ತಲೆಗೆ ಸುತ್ತಿದ ಪಟಕ ನೋಡಿದರು, ಹೆಗಲ ಮೇಲಿನ ಕಂಬಳಿ ನೋಡಿದರು. ನಗು ತಡೆಯುವುದು ಅವರಿಗೆ ಕಷ್ಟವಾಯಿತು.

"ಗಿಡದ್ದಲ್ಲ ಅಜ್ಜಾರ. ಈ ಡಿ ಹೆಚ್ಚಾಗಿ ಕುರಿ ಉಣ್ಣಿ ಜಿಡ್ಡಿನಿಂದ ಮಾಡತಾರ."

"ಏನಂದ್ರಿ?"

"ಉಣ್ಣಿ ತೊಳದಾಗ ಜಿಡ್ಡು ಬರ್ತೈತಲ್ಲ, ಅದನ್ನ ಕಾರ್ಖಾನ್ಯಾಗ ಸ್ವಚ್ಛ ಮಾಡಿ, ಅದರಾಗಿಂದು ಬೇಕಾದ್ದು ತಗದು, ಬಿಸಲಿನಂಥದ ಒಂದು ಬೆಳಕು ಅದರ ಮ್ಯಾಲೆ ಬಿಡತಾರ. ಆವಾಗ ಅದು ಡಿ ಆಗತೈತಿ."

ಕುರಿ! ಬಿಸಿಲು! ಎರಡೂ ಸೇರಿ ಆ ಸಣ್ಣ ಬಾಟಲಿಯ ಒಳಗೆ! ನಾನು ಏನು ಮಾಡಿದೆನೋ ನನಗೆ ನೆನಪಿಲ್ಲ. ಡಾಕ್ಟರ ಮೇಜಿಗೆ ಕೈ ಮುಗಿದೆನಂತೆ. ಹೊರಗೆ ಸರದಿಯಲ್ಲಿ ಕುಳಿತವರಿಗೆಲ್ಲ, "ಕುರೀರಿ, ಕುರಿ! ನಮ್ಮ ಕುರಿ!" ಎಂದು ಕೂಗಿ ಹೇಳಿದೆನಂತೆ. ಹೊಟ್ಟೆನೋವೆಂದು ಅಳುತ್ತಿದ್ದ ಒಂದು ಹುಡುಗ ಅಳು ಮರೆತು ನನ್ನನ್ನೇ ನೋಡಿದನಂತೆ. ಮತ್ತೆ ಒಳಗೆ ನುಗ್ಗಿ ನಾನು, "ಮೇಡಮ್ಮಾರ, ಮನ್ಯಾಗ ಉಣ್ಣಿ ರಾಶಿ ಬಿದ್ದೈತಿ. ಜಿಡ್ಡು ನಾನ ಕುದಿಸಿ ತಗೀತೇನಿ, ಬಿಸಲಿಗೂ ನಾನ ಇಡತೇನಿ" ಅಂದಾಗ ಮಾತ್ರ ಅವರ ಮುಖದ ನಗು ಹೋಯಿತು.

"ಅಜ್ಜಾರ, ಕೈ ಮುಗದು ಹೇಳತೇನಿ. ಕುದಸೂದು ಬ್ಯಾಡ, ಹಚ್ಚೂದು ಬ್ಯಾಡ. ಬಾಟ್ಲಿ ಹನಿನೂ ನಾ ಬರದಷ್ಟ. ಒಳ್ಳೇದು ಅಂತ ಒಂದು ಹನಿ ಜಾಸ್ತಿ ಹಾಕಿದ್ರ ಕೂಸಿನ ಕಿಡ್ನಿಗೆ ತ್ರಾಸ ಆಗತೈತಿ. ಬಾಟ್ಲಿ ನಿಮ್ಮ ಸೊಸಿ ಕೈಯಾಗ ಇರ್ಲಿ."

ಬಾಟಲಿ ಸೊಸೆಯ ಕೈಗೆ ಹೋಯಿತು. ಕಂಬಳಿ ಅಟ್ಟಕ್ಕೆ ಹೋಯಿತು. ನಮ್ಮಾಕಿಯ ಸುಡುನೀರು, ಕಡಲೆಹಿಟ್ಟು ಎರಡೂ ಬಂದಾದವು. ಎರಡು ದಿನ ಅವಳು ಯಾರ ಜೊತೆಗೂ ಮಾತಾಡಲಿಲ್ಲ, ಮೂರನೆಯ ದಿನ ತಾನೇ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ನೋಡಿ, "ಇದೇನ್ ನೀರು, ಬೆಕ್ಕಿನ ಜಳಕಕ್ಕೂ ಸಾಲೂದಿಲ್ಲ" ಎನ್ನುತ್ತ ಮೊಮ್ಮಗಳಿಗೆ ಹಾಕಿದಳು. ಜಳಕವಾದ ಕೂಡಲೇ ಸುಜಾತಾ ಹಸಿ ಮೈಗೆ ಕ್ರೀಮು ಬಳಿದು ಹತ್ತಿಯ ಅಂಗಿ ಹಾಕುತ್ತಿದ್ದಳು. ಮುಂಜಾನೆ ಸಂಜೆ ಹುಡುಗಿ ಓಣಿಯಲ್ಲಿ ಅರ್ಧ ತೋಳಿನ ಅಂಗಿಯಲ್ಲಿ ಕೋಳಿ ಓಡಿಸುತ್ತಿದ್ದಳು. ನನ್ನ ಕೆಲಸ ಒಂದೇ: ಹಟ್ಟಿಯಲ್ಲಿ ಕುರಿಗಳ ಮುಂದೆ ನಿಂತು ದಿನದ ಸುದ್ದಿ ಹೇಳುವುದು. "ಇವತ್ತ ಕುತಗಿ ಮ್ಯಾಲೆ ಕೆಂಪು ಕಮ್ಮಿ ಐತ್ರ್ಯವ್ವ" ಅಂದರೆ ಅವು ಮೆಲುಕು ಹಾಕುತ್ತ ಕೇಳುತ್ತಿದ್ದವು. ಮೊದಲು ಕುತ್ತಿಗೆ ತಿಳಿಯಾಯಿತು. ಆಮೇಲೆ ಮೊಣಕಾಲು. ಮೊಣಕೈ ಬಹಳ ಹಟ ಮಾಡಿತು. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು, ಮತ್ತೆ ಹೋಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಾಳವ್ವ ಹಳೆಯ ಸೀರೆಯ ಕೌದಿಯ ಮೇಲೆ ಎರಡೂ ಕೈ ಚೆಲ್ಲಿ ಮಲಗಿದ್ದಾಳೆ. ಉಗುರುಗಳೂ ಮಲಗಿದ್ದವು.

ಮತ್ತೆ ಅಂಗನವಾಡಿಗೆ ಕಳಿಸಿದ ದಿನ ನಾನು ಬಿಡಲು ಹೋದವನು ತಿರುಗಿ ಬರಲಿಲ್ಲ. ಕಿಟಕಿಯ ಹೊರಗೆ ನಿಂತುಬಿಟ್ಟೆ. ಹುಡುಗರು ದುಂಡಗೆ ನಿಂತರು. ಅಕ್ಕೋರು ಮಾಳವ್ವನ ಎಡಗೈ ಹಿಡಿದರು. ಬಲಗಡೆ ಅದೇ ಖಾಲಿ ಜಾಗ. ಎರಡು ಜಡೆಯ ಒಂದು ಹುಡುಗಿ ಇವಳ ಕೈಯನ್ನೇ ನೋಡಿದಳು, ಇವಳು ತೋಳು ಮುಂದೆ ಮಾಡಿ ತಿರುಗಿಸಿ ತೋರಿಸಿದಳು. "ಹೋತೇನ?" "ಹೋತು. ಕುರಿ ಔಷಧ ಹಾಕ್ಯಾರ." ಆ ಹುಡುಗಿ ಪಟ್ಟನೆ ಕೈ ಹಿಡಿದಳು. ಸುತ್ತು ಶುರುವಾಯಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಅತ್ತೆನೋ ನಕ್ಕೆನೋ, ಒಳಗಿದ್ದ ಹುಡುಗರೆಲ್ಲ ಹಾಡು ನಿಲ್ಲಿಸಿ ನನ್ನನ್ನು ನೋಡಿದರು. ಅಕ್ಕೋರು ಹೊರಗೆ ಬಂದು, "ಅಜ್ಜಾರ, ನೀವೂ ಸೇರಾವ್ರಿದ್ರ ಚಪ್ಪಲಿ ಬಿಟ್ಟು ಒಳಗ ಬರ್ರಿ" ಅಂದರು.

ಅವತ್ತಿನಿಂದ ನಾನು ಸುಮ್ಮನಿಲ್ಲ. ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯಲ್ಲಿ, ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. "ಕ್ರೀಮಿನಿಂದ ಆಗೈತ್ರಿ ಮಾವಾರ, ಡಾಕ್ಟರ್ ಹೇಳಿಲ್ಲೇನು? ಮತ್ತ ಬರಬಹುದು, ಹಚ್ಚೂದು ಬಿಡಬಾರದಂತ" ಎಂದು ಸುಜಾತಾ ಹೇಳುತ್ತಾಳೆ. ತನ್ನ ಬೆಕ್ಕಿನ ಜಳಕದಿಂದ ಎಂದು ನಮ್ಮಾಕಿ ಹೇಳುತ್ತಾಳೆ. ಇರಬಹುದು. ನಾನು ಜಗಳಕ್ಕೆ ಹೋಗುವುದಿಲ್ಲ, ಕುರಿಗಳ ಪರವಾಗಿ ಮುಗುಳ್ನಗುತ್ತೇನೆ.

ಒಂದು ಸಂಜೆ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಈ ಕತೆ ನಡೆಸಿದ್ದೆ. ಮಾಳವ್ವ ಆ ಎರಡು ಜಡೆಯ ಹುಡುಗಿಯ ಜೊತೆ ಬಂದಳು. ಕತೆಗೆ ಸಾಕ್ಷಿ ಬಂತೆಂದು ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಸರಕ್ಕನೆ ಹಿಂದೆ ಸರಿದಳು.

"ಹಿಡೀಬ್ಯಾಡ ಮುತ್ಯಾ. ನಿನ್ನ ಕೈ ಚುಚ್ಚತಾವ."

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಅಂಗೈ ನೋಡಿದರು. ನಾನೂ ನೋಡಿಕೊಂಡೆ. ಬೇಸಿಗೆಯ ಕೆರೆಯ ಹಾಗೆ ಬಿರುಕು ಬಿಟ್ಟಿದ್ದವು. ಕುರಿಯ ಹಗ್ಗ, ಕೊಡಲಿಯ ಕಾವು, ಮುಳ್ಳುಕಂಟಿ, ಎಲ್ಲದರ ಗುರುತು ಅಲ್ಲಿದೆ. ಮಾಳವ್ವ ಮನೆಗೆ ಓಡಿಹೋಗಿ ಕ್ರೀಮಿನ ಡಬ್ಬಿ ತಂದಳು. ಊರ ಮಂದಿಯ ಮುಂದೆ ನನ್ನನ್ನು ಕೂಡಿಸಿ, ಒಂದೊಂದು ಬೆರಳಿಗೂ ಬಳಿದು, "ತಿಕ್ಕಬ್ಯಾಡ, ಹಂಗ ಬಿಡ" ಎಂದು ಡಾಕ್ಟರ ದನಿಯಲ್ಲೇ ಹೇಳಿದಳು.

ಈಗ ನಮ್ಮ ಮನೆಯಲ್ಲಿ ದಿನಾ ಮುಂಜಾನೆ ಕ್ರೀಮಿನ ಸರದಿ ಇರುತ್ತದೆ. ಮೊದಲು ಮಾಳವ್ವ, ಆಮೇಲೆ ನಾನು. ಇದರಿಂದ ಒಂದು ತೊಂದರೆಯೂ ಆಗಿದೆ. ಮೊನ್ನೆ ಟಗರು ಹಿಡಿಯಲು ಹೋದರೆ ಕೋಡು ಕೈಯಿಂದ ಬೆಣ್ಣೆಯ ಹಾಗೆ ಜಾರಿತು. ಟಗರು ಪಕ್ಕದ ತೊಗರಿ ಹೊಲದ ಪಾಲಾಯಿತು, ನಾನು ಧೂಳಿನ ಪಾಲಾದೆ. ಹೊಲದವನು ಬೈದ. ಬೈಯಲಿ. ಮೈ ಕೊಡವಿಕೊಂಡು ಅಂಗನವಾಡಿಗೆ ಮೊಮ್ಮಗಳನ್ನು ಕರೆಯಲು ಹೋದೆ. ಅವಳು ಬಾಗಿಲಲ್ಲಿ ನಿಂತು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದಳು, ಮೂಸಿ ನೋಡಿದಳು, ಬೆರಳಿನಿಂದ ಒತ್ತಿ ನೋಡಿದಳು. ನಾನು ಉಸಿರು ಹಿಡಿದು ನಿಂತಿದ್ದೆ.

"ಹೂಂ, ಪಾಸ್" ಎಂದು ಕೈ ಹಿಡಿದುಕೊಂಡಳು.

ಸಾಲಿಯ ಬಾಗಿಲಲ್ಲಿ ಈ ಮಾತು ನಾನು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.